ನನ್ನ 2012ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕನ್ನು ಬಾಬರ್ (ಬೇಡದ ಭಾಗ ಕಳಚಿದ, ಹಿಂಭಾಗ ಗಿಡ್ಡ ಇರುವ ಬೈಕ್) ಮಾಡಬೇಕು. ಹಿಂದಿನ ಫ್ರೇಮ್ ಲೂಪ್ ಎಲ್ಲಿಗೆ ಕತ್ತರಿಸಲಿ? ಕೆಲಸ ಮನೆಯಲ್ಲೇ ಮಾಡಲಾ, ಗ್ಯಾರೇಜಿಗೆ ಕೊಡಲಾ?

ಎಲ್ಲಿಗೂ ಕತ್ತರಿಸಬೇಡಿ. ಗ್ರೈಂಡರನ್ನು ಫ್ರೇಮಿನ ಹತ್ತಿರ ತರಲೇಬೇಡಿ.

ನನ್ನದೂ ಕ್ಲಾಸಿಕ್ 350. ನನಗೂ ಸೀಟಿನ ಹಿಂದೆ ಪೂರ್ತಿ ಖಾಲಿ ಕಾಣಬೇಕು ಅನ್ನೋ ಹಟ ಇತ್ತು. ಹಿಂದಿನ ಸೀಟು ಬಿಚ್ಚಿದೆ, ಮಡ್‌ಗಾರ್ಡ್ ಬಿಚ್ಚಿದೆ. ಉಳಿದದ್ದು ಹಿಂದಕ್ಕೆ ಚಾಚಿಕೊಂಡ ಆ ಕಬ್ಬಿಣದ ಲೂಪ್. ಮಡ್‌ಗಾರ್ಡ್ ಹಿಡಿಯೋದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ ಅಂದುಕೊಂಡೆ. ಶಾಕ್ ಅಬ್ಸಾರ್ಬರ್ ಕೂರುವ ಜಾಗದಿಂದ ಸ್ವಲ್ಪ ಹಿಂದೆ, ಎರಡೂ ಕಡೆ ಕತ್ತರಿಸಿ ತೆಗೆದೆ.

ತಪ್ಪಾಗಿದ್ದು ಇಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕತ್ತರಿಸೋ ವಿಡಿಯೋಗಳಲ್ಲಿ ಇದನ್ನು ಹೇಳೋದೇ ಇಲ್ಲ. ಗುಂಡಿಗೆ ಬಿದ್ದಾಗ ಹಿಂದಿನ ಚಕ್ರದ ಹೊಡೆತ ಶಾಕ್ ಮೂಲಕ ಫ್ರೇಮಿಗೆ ಬರುತ್ತದೆ. ಆ ಹೊಡೆತ ಎಡಕ್ಕೂ ಬಲಕ್ಕೂ ಸಮ ಇರೋದಿಲ್ಲ, ತಿರುವಿನಲ್ಲಂತೂ ಇನ್ನೂ ಜಾಸ್ತಿ ವ್ಯತ್ಯಾಸ. ಎರಡೂ ಕಡೆಯ ಟ್ಯೂಬುಗಳನ್ನು ಹಿಂದೆ ಒಂದಾಗಿ ಕಟ್ಟಿ ಹಿಡಿಯೋದು ಆ ಲೂಪ್. ಪ್ಲಾಸ್ಟಿಕ್ ಬಕೆಟ್ಟಿನ ಬಾಯಿಯ ದಪ್ಪ ಅಂಚು ಕತ್ತರಿಸಿ ನೋಡಿ, ಕೈಯಲ್ಲಿ ಒತ್ತಿದರೆ ಸಾಕು, ಬಕೆಟ್ ಸೊಟ್ಟಗಾಗುತ್ತದೆ. ಲೂಪ್ ಹೋದ ಮೇಲೆ ನನ್ನ ಫ್ರೇಮಿಗೆ ಆಗಿದ್ದೂ ಅದೇ. ಎಡದ ಟ್ಯೂಬ್ ಒಂದು ಕಡೆ ಬಾಗಿತು, ಬಲದ್ದು ಇನ್ನೊಂದು ಕಡೆ.

ಅದರ ಮೇಲೆ ಗೇಟು, ಗ್ರಿಲ್ಲು ಮಾಡೋ ಅಂಗಡಿಯಲ್ಲಿ ಎರಡೂ ತುದಿಗೆ ಅಡ್ಡ ಪಟ್ಟಿ ಇಟ್ಟು ವೆಲ್ಡ್ ಮಾಡಿಸಿದೆ. ದಪ್ಪ ಆಂಗಲ್ ಕಬ್ಬಿಣಕ್ಕೆ ಕೊಡೋ ಕರೆಂಟನ್ನೇ ತೆಳು ಟ್ಯೂಬಿಗೂ ಕೊಟ್ಟರೆ ಬೆಸುಗೆಯ ಅಂಚಿನಲ್ಲಿ ಟ್ಯೂಬ್ ಕರಗಿ ಸಣ್ಣ ಕಚ್ಚು ಬೀಳುತ್ತದೆ. ಮೇಲಿಂದ ನೋಡಿದರೆ ಬೆಸುಗೆ ದಪ್ಪಗೆ, ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಸಿಂಗಲ್ ಸಿಲಿಂಡರಿನ ನಡುಕಕ್ಕೆ ಬಿರುಕು ಹುಟ್ಟೋದು ಆ ಕಚ್ಚಿನಿಂದಲೇ.

ಕೆಲವು ತಿಂಗಳು ಬೈಕ್ ಚೆನ್ನಾಗಿಯೇ ಓಡಿತು. ಆಮೇಲೆ ಆಗುಂಬೆ ಘಾಟಿ ಇಳಿಯುವಾಗ ಒಂದೊಂದು ತಿರುವಿನಲ್ಲೂ ಹಿಂಭಾಗ ಬೇರೆ ದಾರಿ ಹಿಡಿದ ಹಾಗೆ ಅನಿಸತೊಡಗಿತು. ಟೈರಲ್ಲಿ ಗಾಳಿ ನೋಡಿದೆ, ಚೈನ್ ನೋಡಿದೆ, ಹಿಂದಿನ ಚಕ್ರ ಹಿಡಿಯೋ ಸ್ವಿಂಗ್ ಆರ್ಮಿನ ಬುಷ್ ಕೂಡ ಬದಲಾಯಿಸಿದೆ. ಕೊನೆಗೆ ಬೈಕ್ ತೊಳೆಯುವಾಗ ಬೆಸುಗೆಯ ಪಕ್ಕ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡಿತು. ಬಣ್ಣ ಕೆರೆದು ನೋಡಿದರೆ ಟ್ಯೂಬ್ ಅರ್ಧ ಸುತ್ತು ಸೀಳಿತ್ತು. ಅದೇ ಬೈಕಿನಲ್ಲಿ ನಾನು ಘಾಟಿ ಇಳಿದು ಬಂದಿದ್ದೆ.

ಹಾಗಾದರೆ ಹೊಸ ಫ್ರೇಮ್ ಹಾಕಿದರಾಯಿತು ಅಂತೀರಾ? ಚಾಸಿಸ್ ನಂಬರ್ ಇರೋದು ಫ್ರೇಮಿನ ಮೇಲೆ. ಫ್ರೇಮ್ ಬದಲಾದರೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ಸೇರಿಸಬೇಕು. ನಿಮ್ಮದು 2012ರ ಬೈಕು. 15 ವರ್ಷದ ನೋಂದಣಿ 2027ಕ್ಕೆ ಮುಗಿಯುತ್ತದೆ, ಆಗ ಬೈಕ್ ತೋರಿಸಿಯೇ ಆರ್‌ಸಿ ನವೀಕರಿಸಬೇಕು. ಕತ್ತರಿಸಿದ ಫ್ರೇಮ್ ಇಟ್ಟುಕೊಂಡು ಅಲ್ಲಿ ಹೇಗೆ ನಿಲ್ಲುತ್ತೀರಿ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲ ವಿನ್ಯಾಸ ಬದಲಾಯಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಜೈಲೂ ಆಗಬಹುದು.

ಇನ್ನೊಂದು ಮಾತು. ಫ್ರೇಮ್ ಕತ್ತರಿಸಿದರೇನೇ ಬಾಬರ್ ಅನ್ನೋದೇ ತಪ್ಪು. ಅಮೆರಿಕದಲ್ಲಿ 1930, 40ರ ದಶಕದ ಸವಾರರು ಹಾರ್ಲೆ, ಇಂಡಿಯನ್ ಬೈಕುಗಳ ಮುಂದಿನ ಮಡ್‌ಗಾರ್ಡ್ ತೆಗೆದರು, ಹಿಂದಿನದನ್ನು ಗಿಡ್ಡ ಮಾಡಿದರು, ಬೇಡದ ಭಾರ ಕಳಚಿದರು. ಫ್ರೇಮನ್ನು ಸಾಮಾನ್ಯವಾಗಿ ಇದ್ದ ಹಾಗೇ ಬಿಟ್ಟರು. ಫ್ರೇಮ್ ಕೊಯ್ದು ಮುಂದಿನ ಫೋರ್ಕ್ ಉದ್ದ ಮಾಡೋ ಹುಚ್ಚು ಆಮೇಲಿನ ಚಾಪರ್‌ಗಳದ್ದು. ನಿಮಗೆ ಬೇಕಾಗಿರೋದು ಬಾಬರ್ ಅಲ್ವಾ?

ನಿಮ್ಮ ಕ್ಲಾಸಿಕ್ ಅರ್ಧ ದಾರಿ ಬಂದೇ ಬಿಟ್ಟಿದೆ. ಸ್ಪ್ರಿಂಗ್ ಇರುವ ಒಂಟಿ ಸೀಟು ಕಂಪನಿಯಿಂದಲೇ ಬಂದಿದೆ, ಹಿಂದಿನ ಸೀಟು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಹಿಂದಿನ ಮೂಲ ಮಡ್‌ಗಾರ್ಡನ್ನು ಬಟ್ಟೆ ಸುತ್ತಿ ಅಟ್ಟದ ಮೇಲಿಡಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಇನ್ನೊಂದು ತಂದು ಅದನ್ನು ಕತ್ತರಿಸಿ. ಸೀರೆ ಗಾರ್ಡ್, ಬ್ರೇಕ್ ಲೈಟ್, ಇಂಡಿಕೇಟರ್, ನಂಬರ್ ಪ್ಲೇಟ್ ಮುಟ್ಟಬೇಡಿ. ಕತ್ತರಿಸಿದ ಅಂಚಿಗೆ ಅರ ಹಾಕಿ ಪ್ರೈಮರ್ ಬಳಿಯಿರಿ. ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು, ಮೇಲೆ ಟೈಲ್ ಲ್ಯಾಂಪಿನ ವೈರ್ ಉಜ್ಜಿ ಶಾರ್ಟ್ ಆಗೋದು ಬೇರೆ.

ಮಡ್‌ಗಾರ್ಡನ್ನು ಚಕ್ರಕ್ಕೆ ಹತ್ತಿರ ಇಳಿಸೋ ಆಸೆ ಇದ್ದರೆ ಮೊದಲು ಶಾಕ್ ಎರಡನ್ನೂ ಬಿಚ್ಚಿ. ಶಾಕ್ ಪೂರ್ತಿ ಕುಗ್ಗಿದಾಗ ಚಕ್ರ ಎಷ್ಟು ಮೇಲೆ ಬರುತ್ತದೋ ಅಷ್ಟಕ್ಕೆ ಜ್ಯಾಕ್ ಕೊಟ್ಟು ಎತ್ತಿ, ಆಗ ಅಂತರ ಅಳೆಯಿರಿ. ಸ್ಟ್ಯಾಂಡ್ ಹಾಕಿ ಅಳೆದದ್ದು ಲೆಕ್ಕಕ್ಕಿಲ್ಲ. ಹ್ಯಾಂಡಲ್ ಬದಲಾಯಿಸಿದರೆ ಎರಡೂ ಕಡೆ ಪೂರ್ತಿ ತಿರುಗಿಸಿ ಕ್ಲಚ್, ಆಕ್ಸಿಲರೇಟರ್ ಕೇಬಲ್ ಬಿಗಿಯಾಗುತ್ತದಾ ನೋಡಿ. ಟ್ಯಾಂಕಿನ ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಮುಂದಿನ ಮಡ್‌ಗಾರ್ಡ್ ಮಾತ್ರ ತೆಗೆಯಬೇಡಿ. ನಮ್ಮ ಮಳೆಗೆ ಅದಿಲ್ಲದೆ ಓಡಿಸೋದು ಕಷ್ಟ.

ಇಷ್ಟೇ ಆದರೆ ಗ್ಯಾರೇಜ್ ಯಾಕೆ? ಸ್ಪ್ಯಾನರ್ ಸೆಟ್, ಜ್ಯಾಕ್, ಮಡ್‌ಗಾರ್ಡ್ ಕತ್ತರಿಸೋಕೆ ಗ್ರೈಂಡರ್ ಇದ್ದರೆ ಸಾಕು, ಮನೆಯಲ್ಲೇ ಮಾಡಿ. ಹಿಂದೆ ಪೂರ್ತಿ ಖಾಲಿ ಇರುವ ಬೈಕೇ ಬೇಕು ಅಂದರೆ ಸೆಕೆಂಡ್ ಹ್ಯಾಂಡ್ ಜಾವಾ ಪೆರಾಕ್ ನೋಡಿ. ಅದರ ಫ್ರೇಮ್ ಮಾಡಿರೋದೇ ಹಾಗೆ.

ಅಕಸ್ಮಾತ್ ಈಗಾಗಲೇ ಕತ್ತರಿಸಿದ್ದರೆ ಇವತ್ತಿಂದಲೇ ಓಡಿಸೋದು ನಿಲ್ಲಿಸಿ. ತೆಗೆದ ತುಂಡು ಎಸೆಯಬೇಡಿ. ಬ್ಯಾಟರಿ ಬಿಚ್ಚಿ, ಬೈಕ್ ಕೆಲಸ ಗೊತ್ತಿರೋ ಟಿಗ್ ವೆಲ್ಡರ್ (ತೆಳು ಟ್ಯೂಬನ್ನೂ ಹದವಾಗಿ ಬೆಸೆಯೋ ವಿಧಾನ ಬಲ್ಲವರು) ಹತ್ತಿರ ಹೋಗಿ. ಟ್ಯೂಬಿನೊಳಗೆ ಬಿಗಿಯಾಗಿ ಕೂರುವ ಇನ್ನೊಂದು ಟ್ಯೂಬ್ ತೂರಿಸಿ, ಎರಡೂ ಕಡೆಯ ಅಳತೆ ಹಿಡಿದು, ಆ ತುಂಡನ್ನೇ ಮತ್ತೆ ಕೂರಿಸಲು ಹೇಳಿ. ನನ್ನ ಬೈಕ್ ಈಗ ಓಡ್ತಿರೋದು ಹಾಗೆ ರಿಪೇರಿ ಮಾಡಿಸಿದ ಮೇಲೆ.