ದೊಡ್ಡವಳಾಗುವ ಮೊದಲೇ ಹೇಳಿ

ಇಳಕಲ್ ಹತ್ತಿರದ ಹಳ್ಳಿಯಿಂದ ತಾಯಿಯೊಬ್ಬರು ಬರೆದಿದ್ದಾರೆ: 'ಮಗಳು ಏಳನೇ ಇಯತ್ತೆ, ಇನ್ನೂ ದೊಡ್ಡಾಕಿ ಆಗಿಲ್ಲ. ಚಡ್ಡಿಗೆ ಬಿಳಿ ಕಲೆ ಆಗ್ತದ ಅಂತ ದಿನಾ ಆಂಟಿಸೆಪ್ಟಿಕ್ ಹಾಕಿ ತೊಳ್ಕೊಳ್ತಾಳ. ಈಗ ಉರಿ ಅಂತಾಳ. ಬಿಡಿಸಿ ಹೇಳಾಕ ನನಗ ನಾಚಿಕೆ. ಅತ್ತಿಯವರು, ದೊಡ್ಡಾಕಿ ಆಗ್ಲಿ, ಆಮ್ಯಾಲ ಹೇಳಿದ್ರಾತು ಅಂತಾರ.'

ಅಕ್ಕಾ, ಮೊದಲು ಆ ಬಾಟಲಿಯನ್ನು ಬಚ್ಚಲಿನಿಂದ ಆಚೆ ಇಡಿ. ಉರಿ ಬಹುಶಃ ಅದರದ್ದೇ.

ಬಿಳಿ ಕಲೆ ರೋಗವಲ್ಲ. ಮೊದಲ ಮುಟ್ಟಿಗೆ ಆರು ತಿಂಗಳೋ ವರ್ಷವೋ ಇರುವಾಗಲೇ ಹುಡುಗಿಯರಿಗೆ ತೆಳ್ಳಗೆ ಬಿಳುಪು ಹೋಗಲು ಶುರುವಾಗುತ್ತದೆ. ಅಂದರೆ ಅತ್ತೆಯವರು ಕಾಯುತ್ತಿರುವ ದಿನ ಹತ್ತಿರವೇ ಇದೆ. ಅವರ ಜೊತೆ ವಾದ ಬೇಡ, ನೀವು ಹೇಳಿಬಿಡಿ. ಇಲ್ಲದಿದ್ದರೆ ಅದು ಅವಳಿಗೆ ಗೊತ್ತಾಗುವುದು ಶಾಲೆಯ ಬೆಂಚಿನ ಮೇಲೆ.

ನಾವು ತಾಯಂದಿರು 'ಸ್ವಚ್ಛ ಇಟ್ಕೋ' ಅಂದು ಸುಮ್ನಾಗುತ್ತೇವೆ. ಹುಡುಗಿ ಜಾಸ್ತಿ ತಿಕ್ಕಿದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾಳೆ. ಯೋನಿಯ ಒಳಗನ್ನು ಯಾರೂ ತೊಳೆಯಬೇಕಿಲ್ಲ. ಹುಡುಗಿ ಬೆಳೆದಂತೆ ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿ, ಹುಳಿ ಅಂಶ ತಯಾರಿಸಿ ಬೇರೆ ಕ್ರಿಮಿಗಳನ್ನು ತಡೆಯುತ್ತದೆ. ದೊಡ್ಡವರಲ್ಲಿ ಅಲ್ಲಿನ ಪಿಎಚ್, ಅಂದರೆ ಹುಳಿಯ ಅಳತೆ (ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ), 3.8ರಿಂದ 4.5. ಸೋಪು ಒಳಗೆ ಹೋದರೆ ಈ ಹುಳಿ ಕೆಡುತ್ತದೆ. ಹೊರಗಿನ ಭಾಗವನ್ನಷ್ಟೇ ಜಳಕದ ಹೊತ್ತಿಗೆ ಬರೀ ನೀರಿನಿಂದ ತೊಳೆದರೆ ಸಾಕು. ಸಂಡಾಸಿಗೆ ಹೋದಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಇದನ್ನು ಮಾತ್ರ ಮರೆಯದೆ ಹೇಳಿ, ಎಷ್ಟೋ ಹೆಂಗಸರಿಗೇ ಗೊತ್ತಿಲ್ಲ. ಅಂಗಡಿಯ ಘಮಘಮ ವಾಶ್ ಸುಮ್ನೆ ದುಡ್ಡು ದಂಡ.

ಹೇಗೆ ಹೇಳುವುದು? ಎದುರಿಗೆ ಕೂರಿಸಿಕೊಂಡರೆ ಇಬ್ಬರ ಬಾಯಿಯೂ ಕಟ್ಟುತ್ತದೆ. ಇಬ್ಬರೂ ಅರಿವೆ ಒಗೆಯುವಾಗ ಅವಳ ಚಡ್ಡಿ ಹಿಂಡುತ್ತಾ, 'ಇದು ನನಗೂ ಆಗ್ತಿತ್ತು' ಅನ್ನಿ. ಅವಳು 'ಯಾವಾಗ?' ಅಂತ ಕೇಳೇ ಕೇಳುತ್ತಾಳೆ. ಆಮೇಲೆ ಆ ಚಡ್ಡಿಯನ್ನು ಸೀರೆಯ ಕೆಳಗೆ ಮುಚ್ಚದೆ ಬಿಸಿಲಿಗೇ ಹಾಕಿ. ಬಾಗಲಕೋಟೆ ಜಿಲ್ಲೆಯಲ್ಲಿ ಬಿಸಿಲಿಗೇನು ಬರ! ಮುಟ್ಟಿನ ಬಟ್ಟೆಗೂ ಇದೇ ಮಾತು. ಬಟ್ಟೆಯಾಗಲಿ ಪ್ಯಾಡ್ ಆಗಲಿ, ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು. ಶಾಲೆಗೆ ಸರ್ಕಾರದ ಶುಚಿ ಯೋಜನೆಯ ಉಚಿತ ಪ್ಯಾಡ್ ಬರುತ್ತದೆಯೇ ಅಂತ ಟೀಚರ್ ಹತ್ತಿರ ವಿಚಾರಿಸಿ.

ಬಾಟಲಿ ಬಿಟ್ಟು ನಾಲ್ಕೈದು ದಿನವಾದರೂ ಉರಿ ನಿಲ್ಲದಿದ್ದರೆ, ತುರಿಕೆ, ಕೆಟ್ಟ ವಾಸನೆ, ಮೊಸರು ಒಡೆದಂಥ ಗಟ್ಟಿ ಬಿಳುಪು ಅಥವಾ ಹಸಿರು ಬಣ್ಣ ಕಂಡರೆ ಡಾಕ್ಟರಿಗೆ ತೋರಿಸಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗಾಗಿ ಸ್ನೇಹ ಕ್ಲಿನಿಕ್ ನಡೆಸುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಅಂತ ಹೇಳುತ್ತಾರೆ. ಡಾಕ್ಟರ್ ಕೇಳಿದ್ದಕ್ಕೆಲ್ಲ ನೀವೇ ಉತ್ತರ ಕೊಡಬೇಡಿ. ಏನಾಗುತ್ತಿದೆ ಅಂತ ಅವಳೇ ಹೇಳಲಿ.

— ಸಂಪಾದಕಿ