ಶೇಕಡಾ ಲೆಕ್ಕ ಆಮೇಲೆ, ಮೊದಲು ಅಮಾನತಾದವರ ಕಲಂ ಓದಿ

ವರ್ಷಗಟ್ಟಲೆ ಜಗಳವಾದ ಮೇಲೆ ನಿಮ್ಮ ವಿಮಾನ ಕಂಪನಿ ಶೇ. 12 ಸಂಬಳ ಏರಿಕೆಗೆ ಬಂದಿದೆ, ಯೂನಿಯನ್ ಒಪ್ಪಂದದ ಕರಡನ್ನು ಮತಕ್ಕೆ ಹಾಕಿದೆ, ಒಪ್ಪೋದೋ ಇನ್ನಷ್ಟು ಎಳೆಯೋದೋ ಅಂತ ಕೇಳಿದ್ದೀರಿ. ಅಮಾನತಿನಲ್ಲಿರುವ ನಾಲ್ವರ ಬಗ್ಗೆ ನಿಮ್ಮ ಪತ್ರದ ಕೊನೆಯಲ್ಲಿ ಒಂದೇ ಸಾಲು: "ಅದು ಆಮೇಲೆ ಬಗೆಹರಿಯುತ್ತೆ ಅಂತ ನಾಯಕರು ಹೇಳ್ತಿದ್ದಾರೆ." ನಾನೂ ಒಮ್ಮೆ ಹಾಗೆ ಹೇಳಿದ ನಾಯಕರಲ್ಲಿ ಒಬ್ಬಳು.

ಬೆಂಗಳೂರು ಬೇಸ್‌ನ ಕ್ಯಾಬಿನ್ ಕ್ರೂ ಆಗಿದ್ದೆ. ಕಂಪನಿಯ ಹೆಸರು ಬೇಡ. ಹಿಂದಿನ ರಾತ್ರಿ ರೋಸ್ಟರ್ (ಡ್ಯೂಟಿ ಪಟ್ಟಿ) ಬದಲಾಗೋದು, ಲೇಓವರ್‌ನಲ್ಲಿ, ಅಂದರೆ ಹಾರಾಟಗಳ ನಡುವೆ ಬೇರೆ ಊರಿನಲ್ಲಿ ತಂಗುವಾಗ, ಇಬ್ಬರಿಗೆ ಒಂದೇ ರೂಮು, ಏರದೇ ನಿಂತ ಹಾರಾಟ ಭತ್ಯೆ, ಇವೇ ಜಗಳದ ಮೂಲ. ಜಗಳ ಬಲಿತಂತೆ ಆರು ಜನರಿಗೆ ಅಮಾನತು, ಚಾರ್ಜ್‌ಶೀಟ್. ಅವರಲ್ಲಿ ಒಬ್ಬಳು ತರಬೇತಿಯ ದಿನಗಳಿಂದ ನನ್ನ ಜೊತೆಗಿದ್ದ ಮಂಗಳೂರಿನ ಹುಡುಗಿ. ಅಮಾನತಾದವರಿಗೆ ಸಿಗೋದು ಜೀವನಾಧಾರ ಭತ್ಯೆ, ಮೊದಲ 90 ದಿನ ಅರ್ಧ ವೇತನ. ಹಾರದವರಿಗೆ ಹಾರಾಟ ಭತ್ಯೆ ಇಲ್ಲ ಅನ್ನೋದು ನಿಮಗೇ ಗೊತ್ತು. ಹಾಗಾಗಿ ಅವಳ ಕೈಗೆ ಬರುತ್ತಿದ್ದದ್ದು ಪಿಜಿ ಬಾಡಿಗೆಗೂ ಸಾಲುತ್ತಿರಲಿಲ್ಲ.

ನಾನು ಮಾಡಿದ್ದೇನು ಅಂದರೆ, ಕರಡಿನ ಕೊನೆಯ ಕಲಮಿಗೆ ಸಹಿ ಹಾಕಿದೆ. "ಅಮಾನತುಗೊಂಡ ಸಿಬ್ಬಂದಿಯ ಪ್ರಕರಣಗಳನ್ನು ಆಡಳಿತವು ಸಹಾನುಭೂತಿಯಿಂದ ಪರಿಶೀಲಿಸುವುದು" ಅಂತಿತ್ತು. ಯಾರು ಪರಿಶೀಲಿಸ್ತಾರೆ, ಎಷ್ಟು ದಿನದಲ್ಲಿ, ಒಪ್ಪಿಗೆಯಾಗದಿದ್ದರೆ ಮೂರನೆಯವರು ಯಾರು, ಯಾವುದೂ ಇರಲಿಲ್ಲ. ಆರು ಹೆಸರುಗಳೂ ಇರಲಿಲ್ಲ. ನಾನು ಓದದೆ ಸಹಿ ಹಾಕಲಿಲ್ಲ. ಓದಿಯೇ ಹಾಕಿದೆ, ಯಾಕೆಂದರೆ ಎದುರಿಗಿದ್ದ ಎಚ್‌ಆರ್ ಅಧಿಕಾರಿ ಕೈ ಕುಲುಕಿ ಮಾತು ಕೊಟ್ಟಿದ್ದರು, ಹೊರಗೆ ಕಾಯುತ್ತಿದ್ದವರಿಗೆ ಏರಿಕೆಯ ಸುದ್ದಿ ಆಗಲೇ ಮುಟ್ಟಿತ್ತು, ನನಗೂ ಸಾಕಾಗಿಹೋಗಿತ್ತು. ಇನ್ನೂ ಕೆಟ್ಟದ್ದು, ಸಹಿ ಬಿದ್ದದ್ದು ಹೋಟೆಲಿನ ಮೀಟಿಂಗ್ ರೂಮಿನಲ್ಲಿ. ಸರ್ಕಾರದ ಕಾರ್ಮಿಕ ಇಲಾಖೆಯ ರಾಜಿ ಅಧಿಕಾರಿಯ ಮುಂದೆ ಆಗಿದ್ದರೆ, ಆಗಿನ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಸೆಕ್ಷನ್ 12(3)ರ ಒಪ್ಪಂದವಾಗಿ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತಿತ್ತು. ಮೇಜಿನ ಎರಡೂ ಕಡೆಯವರೇ ಮುಗಿಸಿಕೊಂಡದ್ದು 18(1)ರ ಒಪ್ಪಂದ, ಸಹಿ ಹಾಕಿದ ಪಕ್ಷಗಳಿಗಷ್ಟೇ. ಅದಕ್ಕಿಂತ ಮುಖ್ಯವಾಗಿ, ಆ ಸಡಿಲ ವಾಕ್ಯ ನೋಡಿ "ಇದರ ಅರ್ಥ ಏನ್ರೀ?" ಅಂತ ಕೇಳುವ ಸರ್ಕಾರಿ ಅಧಿಕಾರಿಯೊಬ್ಬರು ಅಲ್ಲಿರಲಿಲ್ಲ. ವಾರಗಳು ತಿಂಗಳಾದವು. ಇಬ್ಬರು ಮರಳಿದರು, ಉಳಿದವರು ವಜಾ. ಮಂಗಳೂರಿನವಳು ಇಂದಿಗೂ ನನ್ನ ಫೋನ್ ಎತ್ತುವುದಿಲ್ಲ. ಯೂನಿಯನ್ ಸಭೆಗಳಿಗೆ ಜನ ಬರುವುದು ನಿಂತಿತು, ಮುಂದಿನ ವರ್ಷದ ರೋಸ್ಟರ್ ಬದಲಾವಣೆಗೆ ಯಾರೂ ಬಾಯಿ ಬಿಡಲಿಲ್ಲ. ನಾನು ಕೆಲಸ ಬಿಟ್ಟೆ.

ಬ್ರಿಟಿಷ್ ಏರ್‌ವೇಸ್ ಕಥೆಯನ್ನು ಆಗಲೇ ಸರಿಯಾಗಿ ಓದಿಕೊಂಡಿರಬೇಕಿತ್ತು. 2009ರ ನವೆಂಬರಿನಲ್ಲಿ ಹೀಥ್ರೂನಿಂದ ಹೊರಡುವ ದೂರದ ವಿಮಾನಗಳಲ್ಲಿ ಕ್ರೂ ಸಂಖ್ಯೆ ಇಳಿಸಿದರು, 747 ವಿಮಾನದಲ್ಲಿ 15 ಇದ್ದದ್ದು 14. ಕ್ರಿಸ್‌ಮಸ್‌ಗೆ 12 ದಿನದ ಮುಷ್ಕರಕ್ಕೆ ಶೇ. 90ಕ್ಕೂ ಹೆಚ್ಚು ಮತ ಬಿತ್ತು. ಸ್ವಯಂ ನಿವೃತ್ತಿ ಪಡೆದವರಿಗೂ ಮತಪತ್ರ ಹೋಗಿದೆ ಅಂತ ಹೈಕೋರ್ಟ್ ಅದನ್ನು ತಡೆಯಿತು. 2010ರಲ್ಲಿ 22 ದಿನ ಮುಷ್ಕರ ನಡೆದೇಬಿಟ್ಟಿತು. ಮುಖ್ಯಸ್ಥ ವಿಲ್ಲಿ ವಾಲ್ಷ್ ಮುಷ್ಕರ ಹೂಡಿದವರ ಸ್ಟಾಫ್ ಟಿಕೆಟ್ ರಿಯಾಯಿತಿ ಕಿತ್ತುಕೊಂಡರು. ದೂರದ ಊರಿನಲ್ಲಿದ್ದು ವಿಮಾನದಲ್ಲೇ ಡ್ಯೂಟಿಗೆ ಬರುವವರಿಗೆ ಅದು ನೇರ ಹೊಟ್ಟೆಗೆ ಬಿದ್ದ ಏಟು. ಅಲ್ಲಿಂದಾಚೆಗೆ ಮಾತುಕತೆಯ ಗಂಟಲಲ್ಲಿ ಸಿಕ್ಕಿಕೊಂಡದ್ದು ಆ ರಿಯಾಯಿತಿ ಮತ್ತು ಶಿಸ್ತುಕ್ರಮದ ಪ್ರಕರಣಗಳು. 2011ರ ಮೇನಲ್ಲಿ ಹೊಸ ಮುಖ್ಯಸ್ಥ ಕೀತ್ ವಿಲಿಯಮ್ಸ್ ಮತ್ತು ಯುನೈಟ್ ಯೂನಿಯನ್ನಿನ ಲೆನ್ ಮೆಕ್ಲಸ್ಕಿ ಕುಳಿತು ಮುಗಿಸಿದಾಗ ರಿಯಾಯಿತಿ ವಾಪಸಾಯಿತು, ಶಿಸ್ತಿನ ಪ್ರಕರಣಗಳು ಕಾರ್ಮಿಕ ವಿವಾದ ಬಗೆಹರಿಸುವ ಬ್ರಿಟನ್ನಿನ ಏಕಾಸ್ ಸಂಸ್ಥೆಯ ಮಧ್ಯಸ್ಥಿಕೆಗೆ ಹೋದವು. ಸಂಬಳ ಏರಿಕೆಯೂ ಇತ್ತು, ಎರಡು ವರ್ಷಕ್ಕೆ ಶೇ. 7.5ರವರೆಗೆ. ಜೂನ್‌ನಲ್ಲಿ ಮತ ಹಾಕಿದವರಲ್ಲಿ ಶೇ. 92 ಜನ ಒಪ್ಪಿದರು.

ಅಲ್ಲೂ ಒಂದು ಬಾಗಿಲು ತೆರೆದೇ ಉಳಿಯಿತು. ಹೊಸದಾಗಿ ಸೇರುವವರಿಗೆ ಕಡಿಮೆ ಸಂಬಳದ 'ಮಿಕ್ಸ್ಡ್ ಫ್ಲೀಟ್' ಅನ್ನೋ ಬೇರೆಯದೇ ಕ್ರೂ ವಿಭಾಗ ಮುಂದುವರಿಯಿತು, 2017ರಲ್ಲಿ ಆ ಹುಡುಗ ಹುಡುಗಿಯರೇ ಮುಷ್ಕರಕ್ಕಿಳಿದರು. ನಿಮ್ಮ ಕರಡಿನಲ್ಲಿ ಹೊಸಬರಿಗೆ ಬೇರೆ ಸಂಬಳ ಶ್ರೇಣಿ ಇದೆಯಾ ನೋಡಿ.

ನಮ್ಮಲ್ಲೇ 2024ರ ಮೇನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕ್ರೂ ಒಟ್ಟಾಗಿ ಅನಾರೋಗ್ಯ ರಜೆ ಹಾಕಿದಾಗ 25 ಜನರನ್ನು ವಜಾ ಮಾಡಿದ್ದರು. ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಮಾತುಕತೆಯಾಗಿ ವಜಾ ಆದೇಶ ಹಿಂದಕ್ಕೆ ಹೋಯಿತು. ಉಳಿದ ಬೇಡಿಕೆ ಆಮೇಲೆ, ಮೊದಲು ಜನ ವಾಪಸ್. ಅದೇ ಸರಿಯಾದ ಕ್ರಮ.

ಹಾಗಾಗಿ ಶೇ. 12 ಸಾಕಾ, 15 ಕೇಳಬೇಕಾ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 12 ಸಾಕು, ಬೇಕಾದರೆ 10ಕ್ಕೆ ಇಳಿಯಿರಿ. ನಾಲ್ವರ ಹೆಸರು, ಕೆಲಸಕ್ಕೆ ಮರಳುವ ತಾರೀಖು, ಅಮಾನತಿನ ಅವಧಿಯ ವೇತನ, ಸೇವಾ ಹಿರಿತನ ಕರಡಿನೊಳಗೇ ಬರಲಿ. ಸಹಿ ರಾಜಿ ಅಧಿಕಾರಿಯ ಮುಂದೆಯೇ ಆಗಲಿ. ಸಿಟ್ಟಿನಲ್ಲಿ ಸಾಮೂಹಿಕ ರಜೆಗೆ ಮಾತ್ರ ಹೋಗಬೇಡಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅರ್ಧದಷ್ಟು ಜನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ, 14 ದಿನದ ನೋಟಿಸ್ ಇಲ್ಲದಿದ್ದರೆ ಅಕ್ರಮ.

ಮತದಾನಕ್ಕೆ ಮುಂಚೆ ಇದನ್ನು ಬರವಣಿಗೆಯಲ್ಲಿ ಸಮಿತಿಗೆ ಕೊಡಿ, ನಾಲ್ವರಿಂದಲೂ ಸಹಿ ಹಾಕಿಸಿ. ಆ ಕಲಂ ಬದಲಾಗದಿದ್ದರೆ ಬೇಡ ಅಂತಲೇ ಮತ ಹಾಕಿ.