ಟೀ ಕುಡಿದರೆ ಮೂಳೆ ಕೆಡುತ್ತದಾ?

ಪ್ರಶ್ನೆ: ನಮ್ಮ ಅತ್ತೆ ದಿನಕ್ಕೆ ಐದಾರು ಲೋಟ ಟೀ ಕುಡಿಯುತ್ತಾರೆ. ಈಗ ಸೊಂಟ ಬಗ್ಗಿಸೋಕೇ ಆಗುತ್ತಿಲ್ಲ. ಟೀಯಿಂದ ಮೂಳೆ ಕೆಡುತ್ತದಂತೆ, ನಿಜವಾ ಡಾಕ್ಟ್ರೇ?
– ಓದುಗರು, ಬಾಗೇಪಲ್ಲಿ

ಉತ್ತರ: ಅಂಥದ್ದೊಂದು ಕೇಸು ಇದೆಯಮ್ಮಾ. 2013ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ್ದು: 47 ವರ್ಷದ ಹೆಂಗಸು, 17 ವರ್ಷ ದಿನಾ 100ರಿಂದ 150 ಟೀ ಬ್ಯಾಗ್ ಹಾಕಿದ ಟೀ ಕುಡಿದು, ಅದರಲ್ಲಿನ ಫ್ಲೋರೈಡ್ ಮೂಳೆ ಸೇರಿ ನೋವು ಶುರುವಾಗಿ, ಹಲ್ಲನ್ನೆಲ್ಲ ಕೀಳಿಸಬೇಕಾಯಿತು. ಅದರ ಮುಂದೆ ಐದಾರು ಲೋಟ ಯಾವ ಲೆಕ್ಕ? ನನಗೆ ಅನುಮಾನ ನೀರಿನ ಮೇಲೆ. ನಿಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಅಲ್ವಾ? ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಸುಮ್ನೆ ಕುದಿಸಿದರೆ ಅದು ಹೋಗುವುದಿಲ್ಲ. ನೀರು ಟೆಸ್ಟ್ ಮಾಡಿಸಿ, ಅತ್ತೆಗೆ ಎಕ್ಸ್‌ರೇ ತೆಗೆಸಿ. ವಯಸ್ಸಿನ ನೋವೂ ಇರಬಹುದು.